ಸಹಾಯಪುಟಕ್ಕೆ ಒಂದು ಸಾಲು

ಎರಡು ಗಿಡ್ಡ ಗೆರೆ, ಪಕ್ಕದಲ್ಲಿ ಹಾರ್ಡ್.
ಅದರ ಮುಂದೆ ಸಹಾಯಪುಟ ಹೇಳುವುದಿಷ್ಟು:
'ಸೂಚಿಯನ್ನೂ ಕಾರ್ಯವೃಕ್ಷವನ್ನೂ ಮರುಹೊಂದಿಸುತ್ತದೆ.'
ಕನ್ನಡಕ್ಕೆ ತಂದವನು ನಾನೇ.
ಎರಡು ವರ್ಷದ ಹಿಂದೆ, ಒಂದು ಭಾನುವಾರ,
ಚಿತ್ರಾನ್ನ ತಿನ್ನುತ್ತ, ಒಂದೂ ಕಾಗುಣಿತ ತಪ್ಪಿಲ್ಲದೆ.

ಹಾಸನದ ಪಾಲಿಟೆಕ್ನಿಕ್ಕಿನ ಮೂರನೇ ಲ್ಯಾಬು.
ಆಲೂರಿನಿಂದ ಏಳೂಕಾಲರ ಬಸ್ಸಿಗೆ ಬರುವ ಮುಬೀನಾ ಕೇಳಿದಳು:
'ಸಾರ್, ಮರುಹೊಂದಿಸೋದು ಅಂದ್ರೆ
ಸರಿ ಮಾಡೋದಲ್ವಾ?'

ಪುಟ ಓದಿಯೇ ಒತ್ತಿದ್ದಳು. ಆ ಲ್ಯಾಬಿನಲ್ಲಿ
ಓದಿ ಒತ್ತಿದವಳು ಅವಳೊಬ್ಬಳೇ.
ಮೂರು ದಿನದ ಕೆಲಸ, ಡೇರಿಯ ಹಾಲಿನ ಲೆಕ್ಕ:
ಫ್ಯಾಟು, ಡಿಗ್ರಿ, ಬೆಳಗಿನ ಲೀಟರು, ಸಂಜೆಯ ಲೀಟರು.
ಕಮಿಟ್ ಮಾಡಿರಲಿಲ್ಲ. ಹೋಯಿತು.
'ಹೆಡ್ ಈಗ ಇಲ್ಲಿದೆ' ಅಂದಿತು ಪರದೆ.

ಬೈಯಬೇಕಿತ್ತು ಅವಳು. ಬೈಯಲಿಲ್ಲ.
ಕೀಬೋರ್ಡಿನ ಸಂದಿಯ ಧೂಳು
ಉಗುರಲ್ಲಿ ಕೆರೆಯುತ್ತ ಕೂತಳು.

ಸಂಜೆ, ಸಬ್ ರಿಜಿಸ್ಟ್ರಾರ್ ಕಚೇರಿ ಎದುರಿನ ಕ್ಯಾಂಟೀನು.
ಪತ್ರಬರಹಗಾರ ಜವರಪ್ಪನವರು
ಕಾಫಿ ಆರಲು ಬಿಟ್ಟು ಎಲ್ಲ ಕೇಳಿದರು:
'ನಾವು ಅಳಿಸಿ ಬರೆಯೋದಿಲ್ಲ ಸ್ವಾಮಿ.
ತಪ್ಪಿದ್ದರ ಮೇಲೆ ಒಂದು ಗೆರೆ. ತಪ್ಪು ಓದೋ ಹಾಗಿರಬೇಕು.
ಪಕ್ಕದಲ್ಲಿ ಚಿಕ್ಕ ಸಹಿ. ಕೊನೆಗೊಂದು ಷರಾ:
ಹೊಡೆದುಹಾಕಿದ ಪದ ಎರಡು, ಸೇರಿಸಿದ ಪದ ಒಂದು.
ಮಸಿ ಬಳಿದಿರೋ, ಮೊಮ್ಮಕ್ಕಳು ಕೋರ್ಟಿಗೆ ಅಲೀಬೇಕು.'
ಕಾಫಿ ದುಡ್ಡು ಅವರೇ ಕೊಟ್ಟರು.

ರಾತ್ರಿ ಪುಟ ತೆರೆದೆ.
ಇದೂ ಹಾಸನಾಂಬೆಯ ಬಾಗಿಲಿನ ಹಾಗೇ,
ತೆರೆಯುವುದು ವರ್ಷಕ್ಕೊಮ್ಮೆ, ಬರುವವರು
ಹರಕೆಯೋ ಹೆದರಿಕೆಯೋ ಹೊತ್ತವರು.
ಅಷ್ಟು ಹೊತ್ತು ಸಾಲಲ್ಲಿ ನಿಂತು ಬಂದವರ ಕೈಗೆ
ನಾನು ಹಾಕಿದ ಪ್ರಸಾದ: ಕಾರ್ಯವೃಕ್ಷ.

'ಅಳಿಸುತ್ತದೆ' ಅನ್ನಲೇ? ಸ್ಲೇಟಿನ ಮೇಲೂ
ಅಳಿಸಿದ್ದರ ನೆರಳು ಉಳಿಯುತ್ತದೆ.
'ಬಿಸಾಡುತ್ತದೆ'? ತಿಪ್ಪೆಯಲ್ಲಿ ಹುಡುಕಿಯಾರು.
ಹನ್ನೊಂದೂವರೆಗೆ ಹೀಗೆ ನಿಂತಿತು:
'ನೀವು ಕಮಿಟ್ ಮಾಡದ ಬದಲಾವಣೆಗಳು ಹೋಗುತ್ತವೆ.
ಮತ್ತೆ ಸಿಗುವುದಿಲ್ಲ.
ಅನುಮಾನವಿದ್ದರೆ ಮೊದಲು ಸ್ಟ್ಯಾಶ್ ಮಾಡಿ.'

ಹಳೆಯ ಸಾಲು ಎಲ್ಲಿಗೂ ಹೋಗಿಲ್ಲ.
ಡಿಫ್‌ನಲ್ಲಿ ಕೆಂಪಗೆ ಕೂತಿದೆ,
ಹಣೆಯಲ್ಲಿ ಕಳೆಯುವ ಗುರುತು ಇಟ್ಟುಕೊಂಡು,
ಯಾರು ಬೇಕಾದರೂ ಓದುವ ಹಾಗೆ.
ಷರಾದ ಜಾಗದಲ್ಲಿ ಬರೆದೆ:
'ತಪ್ಪು ಅನುವಾದಕನದು.
ತೋರಿಸಿಕೊಟ್ಟವರು ಮುಬೀನಾ, ಐದನೇ ಸೆಮಿಸ್ಟರ್.'

ಬೆಳಿಗ್ಗೆ ತೋರಿಸಿದೆ.
ಬ್ಯಾಗು ಹೆಗಲಿಂದ ಇಳಿಸದೆಯೇ ಓದಿದಳು,
ತನ್ನ ಹೆಸರಿನ ಹತ್ತಿರ ಒಂದು ಗಳಿಗೆ ನಿಂತಳು,
ಮತ್ತೆ ಮೇಲಕ್ಕೆ ಹೋದಳು.
'ಸ್ಟ್ಯಾಶ್ ಅಂದ್ರೆ ಏನು ಸಾರ್?'