ಗುಲಗಂಜಿ ತೂಕ

ಮಾತ್ರೆಯನ್ನು ತಕ್ಕಡಿಗಿಟ್ಟೆ.
ನೂರಾ ಇಪ್ಪತ್ತು ಮಿಲಿಗ್ರಾಂ.
ಅಪ್ಪನ ಕಾಲದ ಡಬ್ಬಿಯಿಂದ ಒಂದು ಗುಲಗಂಜಿ ತೆಗೆದು
ಅದನ್ನೂ ತೂಗಿದೆ: ಸರಿಸಮ.
ಒಂಬತ್ತು ವರ್ಷ ನನ್ನನ್ನು ಎತ್ತಿ ಹಿಡಿದದ್ದು
ಇಷ್ಟೇ ಇಷ್ಟು.

ಶುರುವಾದದ್ದು ಒಂದು ಸರದಿಂದ.
ಯಾರೋ ಮಾರಿದರು, ಕೊಂಡೆ, ಕರಗಿಸಿದೆ.
ಕದ್ದ ಮಾಲು ಎಂದು ಆಮೇಲೆ ಜೀಪು ಬಂದು ಹೇಳಿತು.
ನಾಲ್ಕು ದಿನ ಠಾಣೆಯ ಬೆಂಚು. ಬಿಟ್ಟರು.
ಎದೆ ಮಾತ್ರ ಬಿಡಲಿಲ್ಲ.
ಗಾಂಧಿ ಬಜಾರಿನಲ್ಲಿ ಯಾವ ಬೈಕು ನಿಂತರೂ
ಒಳಗೆ ಯಾರೋ ಸುತ್ತಿಗೆ ಎತ್ತಿಕೊಳ್ಳುತ್ತಿದ್ದರು.

"ರಾತ್ರಿ ಒಂದು, ಹದಿನೈದು ದಿನ" ಎಂದು
ಬರೆದುಕೊಟ್ಟ ಡಾಕ್ಟರು ವರ್ಗವಾಗಿ ಹೋದರು.
ಚೀಟಿ ಉಳಿಯಿತು.
ಮಡಿಕೆಯಲ್ಲಿ ಹರಿಯತೊಡಗಿದಾಗ
ಲ್ಯಾಮಿನೇಟ್ ಮಾಡಿಸಿದೆ.
ಮೆಡಿಕಲ್ ಶಾಪಿನ ಹುಡುಗ ಅದನ್ನು ನೋಡುತ್ತಲೂ ಇರಲಿಲ್ಲ,
"ಆಚಾರ್ರೇ, ಎರಡು ಸ್ಟ್ರಿಪ್ಪಾ?"
ರಾತ್ರಿಯದು ಬೆಳಗಿಗೂ ಬಂತು.

ಗುಲಗಂಜಿಗೆ ತನ್ನ ಕಪ್ಪು ಕಾಣದು.
ಕುಡಿಯುವವನಲ್ಲ ನಾನು, ಎಲೆಯಡಿಕೆ ಸಹ ಇಲ್ಲ.
ಚಟವೆಂದರೆ ಪಕ್ಕದ ಮನೆಯದು ಎಂದುಕೊಂಡಿದ್ದೆ.

ಒಂದು ಸಲ ಊರಿಗೆ ನಿಷೇಧಾಜ್ಞೆ ಬಿತ್ತು.
ಮೂರು ದಿನ ಎಲ್ಲ ಶಟರು ಕೆಳಗೆ.
ಸ್ಟ್ರಿಪ್ಪಿನಲ್ಲಿ ಬರೀ ಗುಳಿ.
ಮೂರನೆಯ ಸಂಜೆ ಕಾಫಿ ಲೋಟ ಕೈಯಲ್ಲಿದ್ದಂತೆಯೇ
ಬಿದ್ದೆನಂತೆ, ನೆಲಕ್ಕೆ ಕಾಲು ಬಡಿದೆನಂತೆ.
ಅಂತೆ.
ನನ್ನ ಬದುಕಿನ ಆ ಹತ್ತು ನಿಮಿಷ
ಈಗಲೂ ಪ್ರೇಮಲೀಲಳ ಹತ್ತಿರವೇ ಇದೆ.
ಕೇಳಿದರೆ ಚೂರುಚೂರೇ ಕೊಡುತ್ತಾಳೆ,
ಪೂರ್ತಿ ಕೊಡುವುದಿಲ್ಲ.

ಮೆಗ್ಗಾನಿನ ಡಾಕ್ಟರಮ್ಮ ಬೈಯಲಿಲ್ಲ.
"ಹಾರಬೇಡಿ, ಇಳೀರಿ.
ಆಗುಂಬೆ ಘಾಟೀನ ನ್ಯೂಟ್ರಲ್ಲಲ್ಲಿ ಇಳೀತಾರೇನ್ರೀ ಯಾರಾದ್ರೂ?"
ಒಂದು ಹಾಳೆಯಲ್ಲಿ ತಿಂಗಳುಗಳ ಮೆಟ್ಟಿಲು ಬರೆದುಕೊಟ್ಟರು.
ಕಾಲು ಭಾಗದ ಕೆಳಗೆ ಬ್ಲೇಡು ಸೋತಿತು,
ಮಾತ್ರೆ ಹಿಟ್ಟಾಯಿತು.
ಆಗ ನೆನಪಾಯಿತು ನಾನು ಯಾರೆಂದು.

ಅಕ್ಕನ ಬಂಗಾರವನ್ನೂ ಬಿಡ ಅಕ್ಕಸಾಲಿ, ಅನ್ನುತ್ತದೆ ಗಾದೆ.
ಅನ್ನಲಿ. ನನ್ನದೇ ಮಾತ್ರೆಯಿಂದ
ಸಣ್ಣ ಅರದಲ್ಲಿ ಉಜ್ಜಿ ಉಜ್ಜಿ
ದಿನಕ್ಕಿಷ್ಟು ಕದ್ದೆ.

ಮೈಗೆ ಲೆಕ್ಕ ಗೊತ್ತಿತ್ತು.
ಎರಡು ಮಿಲಿಗ್ರಾಂ ಕಡಿಮೆಯಾದರೂ
ನಡುರಾತ್ರಿ ಎಬ್ಬಿಸಿ ಬಾಕಿ ಕೇಳುತ್ತಿತ್ತು.
ಹೊದಿಕೆ ಅರದ ಪುಡಿಯಂತೆ ಚುಚ್ಚಿತು.
ಮೂರು ಮನೆ ಆಚೆಯ ನಲ್ಲಿ
ನನ್ನ ಹಲ್ಲಿನೊಳಗೆ ತೊಟ್ಟಿಕ್ಕಿತು.
ತಾಳಗುಪ್ಪದ ರೈಲು ದಾಟಿ ಹೋದಮೇಲೂ
ಹಾಸಿಗೆಯಲ್ಲಿ ಒಂದು ಬೋಗಿ ಉಳಿದುಬಿಡುತ್ತಿತ್ತು.

ಕೈ ನಡುಗುವವನಿಗೆ ಯಾರು ಚಿನ್ನ ಕೊಡುತ್ತಾರೆ?
ಆಯಿಷಾಳ ಕೂಸಿನ ಓಲೆಗೆ ಬೆಸುಗೆ ಹಾಕಬೇಕು,
ಊದುಗೊಳವೆಯ ಬೆಂಕಿ ಗೋಡೆ ನೆಕ್ಕುತ್ತಿದೆ.
ಬಂಗಾಳದಿಂದ ಬಂದ ಸುಬೋಲ್
ಏನೂ ಕೇಳದೆ ಚಿಮಟ ತೆಗೆದುಕೊಂಡು
ಕೆಲಸ ಮುಗಿಸಿ ನನ್ನ ಮುಂದಿಟ್ಟ,
ನಾನೇ ಮಾಡಿದ್ದೆಂಬಂತೆ.
ಆಯಿಷಾ ಹೊಗಳಿದಾಗ ತಲೆ ತಗ್ಗಿಸಿದೆ.
ಅವನು ಆ ಕಡೆ ತಿರುಗಿ ಇದ್ದಿಲು ಒಡೆಯುತ್ತಿದ್ದ.

ಹದಿನಾಲ್ಕು ತಿಂಗಳು.
ನಡುವೆ ಎರಡು ಸಲ ಹಿಂದಿನ ಮೆಟ್ಟಿಲು ಹತ್ತಿದೆ.
ಒಂದನ್ನು ಡಾಕ್ಟರಮ್ಮನಿಗೆ ಹೇಳಿದೆ.

ನಿನ್ನೆ, ಉಳಿದ ಕೊನೆಯ ಚೂರನ್ನಿಟ್ಟೆ.
ತಕ್ಕಡಿ ಸೊನ್ನೆ ಸೊನ್ನೆ ಸೊನ್ನೆ ಅಂದಿತು.
ನಾಲಿಗೆಗೆ ಮುಟ್ಟಿಸಿದೆ:
ಕಹಿ.

ಇವತ್ತು ಅಂಗಡಿ ಮುಂದೆ ಬೈಕೊಂದು ನಿಂತಿತು.
ಎದೆ ಸುತ್ತಿಗೆ ಎತ್ತಿತು.
ಹೊಡೆಯಲಿ ಎಂದು ಕೂತೆ. ಹೊಡೆಯಿತು.
ದುರ್ಗಿಗುಡಿಗೆ ದಾರಿ ಕೇಳಿ ಹೋದ ಅವನು.

ಚೀಟಿ ಇನ್ನೂ ಡ್ರಾಯರಿನಲ್ಲಿದೆ. ಹರಿಯಲು ನೋಡಿದೆ,
ಲ್ಯಾಮಿನೇಟ್ ಆದದ್ದು ಹರಿಯುವುದಿಲ್ಲ.
ಸದ್ಯಕ್ಕೆ ಅದರ ಮೇಲೆ
ಗುಲಗಂಜಿಯ ಡಬ್ಬಿ ಇಟ್ಟಿದ್ದೇನೆ.