ಊರು ನೋಡಿದ್ದು

ಏಳು ಸೀಟಿನ ವ್ಯಾನಿನಲ್ಲಿ ಹನ್ನೊಂದು ಜನ,
ಸಾಲದ್ದಕ್ಕೆ ಒಂದು ಕಲ್ಲಂಗಡಿ, ಅದಕ್ಕೂ ಒಬ್ಬರ ತೊಡೆ ಬೇಕು.
ಅಮ್ಮನಿಗಿಂದು ಎಪ್ಪತ್ತು. ಮುಂದಿನ ಸೀಟು ಅವಳದೇ.
ಮೊಣಕಾಲು ನೋವೆಂದು ನಾಜಿಬ್ರೋಲಾ
ಆಗಲೇ ಅಲ್ಲಿ ಕೂತುಬಿಟ್ಟಿದ್ದಾಳೆ.
ಲಾರಿ ಕಾರ್ಖಾನೆಯಲ್ಲಿ ಬಣ್ಣ ಬಳಿಯುತ್ತ
ಇಪ್ಪತ್ತೆರಡು ವರ್ಷ ಅಕ್ಕಪಕ್ಕ ನಿಂತವರು;
ಆ ಜಗಳಕ್ಕೆ ನಾವು ಬಾಯಿ ಹಾಕುವುದಿಲ್ಲ.

ಕುತೈಸಿಯಲ್ಲೇ ಹುಟ್ಟಿದವಳು, ಸತಾಪ್ಲಿಯಾ ನೋಡಿಲ್ಲ.
"ಗುಡ್ಡ ಎಲ್ಲಿಗೆ ಓಡಿಹೋಗುತ್ತೆ? ಇರು,
ಈ ಸಲದ ದ್ರಾಕ್ಷಿ ಹಿಂಡಿ ಮುಗೀಲಿ" ಅನ್ನುತ್ತಿದ್ದಳು.
ಟಿಕೆಟ್ ಕಿಂಡಿಗೆ ಮುಖವಿಟ್ಟು ಕೇಳಿದಳು:
"ನಮ್ಮೂರು ನೋಡೋಕೆ ನಾನೇ ದುಡ್ಡು ಕೊಡಬೇಕೇನೇ ಹುಡುಗಿ?"
ಹುಡುಗಿ ಬೋರ್ಡು ತೋರಿಸಿದಳು.
ಅಮ್ಮ ಗುರುತಿನ ಚೀಟಿ ತೋರಿಸಿದಳು,
ಹುಟ್ಟಿದ ತಾರೀಖಿನ ಮೇಲೆ ಬೆರಳಿಟ್ಟು.
ಹಿಂದೆ ಪ್ರವಾಸಿಗಳ ಸಾಲು ಬೆಳೆಯಿತು.
ಕೊನೆಗೆ ಪೂರ್ತಿ ದುಡ್ಡೇ ಕೊಟ್ಟೆವು; ಹುಡುಗಿ
ಗಾಜಿನಡಿಯಿಂದ ಒಂದು ಪೆಪ್ಪರ್‌ಮಿಂಟ್ ತಳ್ಳಿದಳು.

ಬಂಡೆಯ ಮೇಲೆ ಡೈನೊಸಾರ್ ಹೆಜ್ಜೆ. ಮೂರು ಬೆರಳು.
ಕೋಟಿ ಕೋಟಿ ವರ್ಷ ಹಿಂದಿನದು ಅಂದ ಗೈಡು.
"ಅಜ್ಜಿಗಿಂತಲೂ?" ಕೇಳಿದ ನನ್ನ ಮಗ ಗೇಗಾ.
ಗೈಡು ಒಂದು ಗಳಿಗೆ ಯೋಚಿಸುವವನಂತೆ ನಟಿಸಿದ.
ಅಮ್ಮ ಕಂಬಿಗೊರಗಿ ಹೆಜ್ಜೆಯನ್ನೇ ನೋಡಿದಳು,
ಈಗಷ್ಟೇ ಒರೆಸಿದ ನೆಲದ ಮೇಲೆ
ಯಾರೋ ನಡೆದುಹೋದರೆ ನೋಡುವಂತೆ.

ಆಮೇಲೆ ಗಾಜಿನ ಅಟ್ಟ. ಕಾಲ ಕೆಳಗೆ ಕಂದಕ,
ಎದುರಿಗೆ ಹರವಿಟ್ಟ ಊರು.
ನಾಜಿಬ್ರೋಲಾ ಕಾಲಿಡಲಿಲ್ಲ, ಅಂಚಲ್ಲೇ ನಿಂತು
ಎದೆಯ ಮೇಲೆ ಶಿಲುಬೆ ಬರೆದುಕೊಂಡಳು.
ಬದ್ರಿ ಮಾವ ಬೇಟೆಯ ದುರ್ಬೀನು ತಂದಿದ್ದ:
"ಅಗೋ ಬಗ್ರಾತಿಯ ಗೋಪುರ, ಅಗೋ ರಿಯೋನಿ ಹೊಳೆ!"
ಅಮ್ಮನ ದುರ್ಬೀನು ಬೇರೆಲ್ಲೋ ಅಲೆಯುತ್ತಿತ್ತು,
ನೀರಿನ ಟ್ಯಾಂಕು ದಾಟಿ, ಬ್ಲಾಕು ಬ್ಲಾಕು ಎಣಿಸಿ, ನಾಲ್ಕನೇ ಮಹಡಿ.
"ಸಿಕ್ತು. ಅಯ್ಯೋ, ಬಟ್ಟೆ ಒಳಗೆ ತೆಗೆಯೋದೇ ಮರೆತೆ."

ನಾನೂ ನೋಡಿದೆ. ನಡುಗುವ ವೃತ್ತದೊಳಗೆ
ಕಡಲೆಕಾಳಷ್ಟು ಬಾಲ್ಕನಿ,
ಎರಡು ಬಿಳಿ ಚುಕ್ಕಿ, ಹಾಸುಬಟ್ಟೆ ಇರಬೇಕು,
ಪಕ್ಕದಲ್ಲಿ ಒಂದು ನೀಲಿ.
ಅಪ್ಪನ ಅಂಗಿ.
ಅಪ್ಪ ಹೋಗಿ ಈ ಅಕ್ಟೋಬರಿಗೆ ಮೂರು ವರ್ಷ.
ದುರ್ಬೀನನ್ನು ಗೇಗಾನ ಕೈಗೆ ಕೊಟ್ಟೆ.
ಅವನಿಗೊಂದು ಹಸು ಕಂಡಿತು.

ರಾತ್ರಿ ಮಳೆ. ಭಾನುವಾರ ಬೆಳಿಗ್ಗೆ
ಅಂಗಿ ಮತ್ತೆ ತಂತಿಯ ಮೇಲಿತ್ತು,
ಈ ಸಲ ತೋಳಿಗೆ ಎರಡೆರಡು ಕ್ಲಿಪ್ಪು.

ಹೊಳೆ ದಾಟಲು ಕೇಬಲ್ ಕಾರು. ದಾಟಿದರೆ ಪಾರ್ಕಿನಲ್ಲಿ
ಕರೆಂಟಿಲ್ಲದೆ ನಿಂತ ಜೈಂಟ್ ವ್ಹೀಲು.
ಅದರ ನೆರಳಲ್ಲೇ ಹಾಸಿ ಕೂತೆವು:
ಅಕ್ರೋಟು ತುಂಬಿದ ಬದನೆ, ಚೀಸಿನ ರೊಟ್ಟಿ.
ಕಲ್ಲಂಗಡಿ ಕೊನೆಗೂ ಒಡೆಯಿತು, ಒಳಗೆಲ್ಲ ಬೆಳ್ಳಗೆ.
ಬದ್ರಿ ಮಾವ ಕೊಂಬಿನ ತುಂಬ ವೈನು ಹಿಡಿದು ಎದ್ದ,
ಊರಿಗೆ ಅಂದ, ಹುಟ್ಟಿದವರಿಗೆ ಅಂದ,
ಹೋದವರಿಗೆ ಅನ್ನುವಷ್ಟರಲ್ಲಿ ಅಮ್ಮ
"ಬೇಗ ಮುಗಿಸೋ, ಮೋಡ ಕಟ್ಟಿದೆ" ಅಂದಳು.
ಅವನು ನಿಂತೇ ಕುಡಿದ. ನಾವೂ.

ವಾಪಸು ಬರುವಾಗ ಮುಂದಿನ ಸೀಟು
ಯಾರೂ ಕೇಳದೆಯೇ ಖಾಲಿ ಬಿಟ್ಟಿದ್ದಳು ನಾಜಿಬ್ರೋಲಾ.
ಅಮ್ಮ ಪರ್ಸು ಬಿಚ್ಚಿ ಟಿಕೆಟ್ ಚೂರುಗಳನ್ನು
ಕರೆಂಟು ಬಿಲ್ಲಿನ ಜೊತೆ ಮಡಚಿಟ್ಟಳು,
ಎಷ್ಟು ಖರ್ಚಾಯಿತೆಂದು
ಮನೆಯಲ್ಲಿ ಕೇಳುವವರಿದ್ದಾರೆ ಎಂಬಂತೆ.