ಮರ್ವಿನ್ ಪಾಸ್ಕೋನ ಹುಲ್ಲುಹಾಸು

ಫೋನಿನಲ್ಲಿ ಅವನು ಹೇಳಿದ್ದು ಇಷ್ಟೆ:
"ಬೋಳು ಬಿದ್ದಿದೆ, ನೋಲಾ. ಅಲ್ಲಲ್ಲಿ ಜಡೆ ಬೇರೆ."
ತಲೆಯ ಮಾತೋ ನೆಲದ ಮಾತೋ ಎಂದು ನಕ್ಕೆ.
ಅವನು ನಗಲಿಲ್ಲ.

ಮೂವತ್ತೊಂದು ವರ್ಷ ಟಿಮಾರೂ ಊರಿನ
ಬೌಲಿಂಗ್ ಕ್ಲಬ್ಬಿನ ಹಸಿರು ಕಾದವಳು ನಾನು.
ಈಗ ಮಂಡಿಗೆ ಎಣ್ಣೆ, ಕಣ್ಣಿಗೆ ದಪ್ಪ ಗಾಜು.
ಆದರೂ ಹುಲ್ಲಿಗೆ ಹುಷಾರಿಲ್ಲವೆಂದರೆ ಈ ಬೀದಿ
ನನಗೇ ಹೇಳಿಕಳಿಸುತ್ತದೆ, ಸೂಲಗಿತ್ತಿಗೆ ಹೇಳಿಕಳಿಸಿದ ಹಾಗೆ.

ಏಪ್ರಿಲ್. ಇಲ್ಲಿ ಅದು ಎಲೆಯುದುರುವ ಕಾಲ,
ಸಮುದ್ರದ ಕಡೆಯಿಂದ ಚಳಿ ಇಣುಕುವ ತಿಂಗಳು.
ಗ್ಯಾರೇಜಿನಲ್ಲಿ ಆಗಲೇ ಮೂರು ಮೂಟೆ ಗೊಬ್ಬರ,
ಕಳೆನಾಶಕದ ಕ್ಯಾನು, ಮುಚ್ಚಳ ತೆರೆದದ್ದು.
ಕಾಯಿಲೆ ಏನೆಂದು ತಿಳಿಯುವ ಮೊದಲೇ
ಮದ್ದಿನಂಗಡಿಯನ್ನೇ ಹೊತ್ತು ತಂದಿದ್ದಾನೆ ಪುಣ್ಯಾತ್ಮ.
"ಮುಚ್ಚು ಅದನ್ನ," ಅಂದೆ, "ಮೊದಲು ನಾಡಿ ಹಿಡಿಯೋಣ."

ಸ್ಕ್ರೂಡ್ರೈವರ್ ಚುಚ್ಚಿದೆ. ಬೆಣ್ಣೆಗೆ ಇಳಿದಂತೆ
ಹಿಡಿಯವರೆಗೂ ಇಳಿಯಿತು. ನೆಲ ಬಿಗಿದಿಲ್ಲ.
ನಾಯಿಯ ಉಚ್ಚೆ ಸುಟ್ಟಿದ್ದರೆ
ಸುತ್ತ ಕಡುಹಸಿರು ಬಳೆ ಇರಬೇಕಿತ್ತು; ಅದೂ ಇಲ್ಲ.
ನೆರಳಿಲ್ಲ. ನೀರು ನಿಲ್ಲುವ ತಗ್ಗಿಲ್ಲ.
ಹಾಗಾದರೆ, ಎಂದು ಬೋಳಿನ ಅಂಚಿನಲ್ಲಿ
ಒಂದು ಹಿಡಿ ಹುಲ್ಲು ಹಿಡಿದು ಮೆಲ್ಲನೆ ಎಳೆದೆ.

ಬಂತು.
ಚಾಪೆ ಸುತ್ತಿದ ಹಾಗೆ, ಒಂದು ಬೇರೂ ಬೇಡವೆನ್ನದೆ
ನೆಲದ ಹೊದಿಕೆಯೇ ಎದ್ದು ಕೈಗೆ ಬಂತು.
ಅಡಿಯಲ್ಲಿ ಗೊಣ್ಣೆಹುಳು, ಕೊಕ್ಕೆಯಂತೆ ಮಡಿಸಿಕೊಂಡು,
ಬಿಳಿ ಮೈ, ಕಂದು ತಲೆ,
ಹಬ್ಬದೂಟ ಮುಗಿಸಿ ಮಲಗಿದ ಅಳಿಯಂದಿರು.
ಬೇಲಿಯ ಮೇಲಿನ ಸ್ಟಾರ್ಲಿಂಗ್ ಹಕ್ಕಿಗಳು
ವಾರದಿಂದ ಇದನ್ನೇ ಕುಕ್ಕಿ ತೋರಿಸುತ್ತಿದ್ದವಂತೆ.
ಇವನು ಅವನ್ನು ಓಡಿಸುತ್ತಿದ್ದನಂತೆ.

ಬೋಳಿನ ಕತೆ ಮುಗಿಯಿತು. ಜಡೆಯದು ಬೇರೆ.

ನಯವಾದ ಎಳೆಹುಲ್ಲಿನ ನಡುವೆ
ಅಗಲ ಎಲೆಯ ಒರಟು ಗುಂಪು, ಬುಡ ಚಪ್ಪಟೆ,
ನೀಲಿ ಬೆರೆತ ಹಸಿರು. ಕಾಕ್ಸ್‌ಫುಟ್.
ದನದ ಮೇವು, ಗೋಮಾಳದ ಜಾತಿ.
ಇಂದು ಸವರಿದರೆ ನಾಡಿದ್ದು ಮತ್ತೆ ತಲೆಯೆತ್ತಿ ನಿಲ್ಲುತ್ತದೆ.
ಬಿತ್ತಿದ ಪೊಟ್ಟಣದಲ್ಲಿ ಇದಿರಲಿಲ್ಲ ಎಂದು ಮರ್ವಿನ್ ಆಣೆಯಿಟ್ಟ.
ಗಾಳಿ ತಂದಿದ್ದರೆ ಕಂಡಕಂಡಲ್ಲಿ ಎರಚುತ್ತಿತ್ತು.
ಇವು ಸಾಲು. ಎಂಟು.
ಒಂದರಿಂದ ಇನ್ನೊಂದಕ್ಕೆ ನನ್ನ ಎರಡು ಹೆಜ್ಜೆ, ಅಳೆದಂತೆ.
ಹುಲ್ಲು ಹೀಗೆ ಲೆಕ್ಕವಿಟ್ಟು ನಡೆಯುವುದಿಲ್ಲ,
ಯಾರೋ ನಡೆಸಿದ್ದಾರೆ.

ಗೇಟು ಕಿರುಗುಟ್ಟಿತು. ಹಾಲಿನ ಟ್ಯಾಂಕರ್ ಓಡಿಸುವ ಮಗಳು
ರೋವೀನಾ, ರಾತ್ರಿಪಾಳಿ ಮುಗಿಸಿ, ಬೂಟಿನ ಸಮೇತ.
ನಿಂತು ನೋಡಿದಳು. "ಅಯ್ಯೋ, ಬಿಸ್ಕತ್ತಿನ ಗೂಡು!"

ಬಿಸ್ಕತ್ತು ಎಂದರೆ ಮೊಲ. ಅವಳಿಗಾಗ ಒಂಬತ್ತು ವರ್ಷ.
ಹೊಸ ಹುಲ್ಲು ಸಿಗಲೆಂದು ಪ್ರತಿ ಶನಿವಾರ
ಅಪ್ಪ ಒಂದು ಕಡೆ, ಮಗಳು ಒಂದು ಕಡೆ ಹಿಡಿದು
ತಳವಿಲ್ಲದ ಗೂಡನ್ನು ಎರಡು ಹೆಜ್ಜೆ ಸರಿಸುತ್ತಿದ್ದರು.
ಮೂಲೆಗೆ ಹಾಸುತ್ತಿದ್ದ ಒಣಹುಲ್ಲು ಯಾವುದೋ ಗೋಮಾಳದ್ದು,
ತೆನೆ ತುಂಬ ಬೀಜ.
ಎಂಟನೆಯ ಶನಿವಾರದ ಮುಂದಿನದು ಕೇಳಬೇಡಿ:
ಬೇಲಿಯ ಕೆಳಗೆ ಒಂದು ತೂತಿತ್ತು.

ಇನ್ನು ಇವನ್ನು ಕೀಳಲು ಮನಸ್ಸು ಬರಲಿಕ್ಕಿಲ್ಲ
ಎಂದುಕೊಂಡು ನಾನು ಬಾಯಿ ಮುಚ್ಚಿಕೊಂಡಿದ್ದೆ.
ಅವಳೋ, ಷೆಡ್ಡಿನಿಂದ ಗುದ್ದಲಿ ತಂದು
ನನ್ನ ಚಹಾ ಆರುವುದರೊಳಗೆ
ಎಂಟನ್ನೂ ಬುಡಸಮೇತ ಎತ್ತಿದಳು, ಆಕಳಿಸುತ್ತ.
ಅವು ಬಕೆಟ್ಟಿಗೆ, ಅವಳು ನಿದ್ದೆಗೆ.

ಮರ್ವಿನ್ ಕೊನೆಯ ಗುಂಡಿಯ ಪಕ್ಕ ನಿಂತು
ಮುಂದಕ್ಕೆ ಎರಡು ಹೆಜ್ಜೆ ಹಾಕಿದ.
ಕಾಲಿಗೆ ಕಾಂಕ್ರೀಟು ಸಿಕ್ಕಿತು,
ಬಟ್ಟೆ ಒಣಹಾಕುವ ಕಂಬದ ಬುಡ.
ಅಲ್ಲೇ ಸ್ವಲ್ಪ ಹೊತ್ತು ನಿಂತಿದ್ದ.

ಚೀಟಿ ಬರೆದುಕೊಟ್ಟೆ: ಭಾರದ ರೋಲರ್ ಎಳೆ,
ಹುಳು ನುಗ್ಗಾಗಲಿ. ಹಕ್ಕಿಗೆ ಅಡ್ಡ ಬರಬೇಡ.
ಗುಂಡಿಗೆ ಜರಡಿ ಹಿಡಿದ ಮಣ್ಣು,
ಮಳೆಯ ಹಿಂದಿನ ದಿನ ಬೀಜ.
ಗೊಬ್ಬರ ಅಂಗಡಿಗೆ ವಾಪಸ್ಸು.

ಫೀಸು ಒಂದು ಚೀಲ ಫೀಜೋವಾ,
ಸೀಬೆಯ ದೂರದ ನೆಂಟ, ಪರಿಮಳ ಮಾತ್ರ ಹತ್ತಿರದ್ದು.
ದಾರಿಯುದ್ದ ತಿನ್ನುತ್ತ ಮನೆಗೆ ಬಂದೆ.

ನನ್ನ ಅಂಗಳದ ಹುಲ್ಲೇ?
ಅರ್ಧ ಪಾಚಿ. ಉಳಿದರ್ಧ ಯಾವ ಜಾತಿಯೋ,
ಬಗ್ಗಿ ನೋಡಿಲ್ಲ.